ಎರಡು ಇಸವಿಗಳ ರೈಫಲ್

ಓಹಾಯೋದ ಒಂದು ತೋಟದ ಮನೆಯ ಹರಾಜಿನಲ್ಲಿ, ಹಳೆಯ ಗರಗಸ, ಹಾಲಿನ ಕ್ಯಾನುಗಳ ನಡುವೆ ಅದು ಮಲಗಿತ್ತು. ಅನುಮತಿ ಕೇಳಿ ಎತ್ತಿಕೊಂಡೆ. ಬೋಲ್ಟ್, ಅಂದರೆ ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ಸರಳು, ಎಳೆದು ಗುಂಡಿಲ್ಲವೆಂದು ಖಚಿತ ಮಾಡಿಕೊಳ್ಳುವಾಗ ಕೈಗೆ ತಾನಾಗಿಯೇ ಲಯ ಸಿಕ್ಕಿತು. ಧಾರವಾಡದಲ್ಲಿ ಕಾಲೇಜು ಓದುವಾಗ ಎರಡು ವರ್ಷ ಎನ್‌ಸಿಸಿಯಲ್ಲಿ ಇದನ್ನೇ ಹೆಗಲ ಮೇಲೆ ಹೊತ್ತಿದ್ದೆ. ನಮ್ಮ ಬಾಯಲ್ಲಿ ಅದು ‘ತ್ರೀ ನಾಟ್ ತ್ರೀ’. ಬಿಚ್ಚಿ ಜೋಡಿಸುವ ‘ಖೋಲ್ನಾ-ಜೋಡ್ನಾ’ ಪಾಠದಲ್ಲಿ ಬೋಲ್ಟ್ ತಪ್ಪಾಗಿ ಜೋಡಿಸಿ ಹವಾಲ್ದಾರ್ ಸಾಹೇಬರಿಂದ ಮೈದಾನ ಸುತ್ತಿಸಿಕೊಂಡವನು ನಾನು.

ಚೀಟಿಯಲ್ಲಿ ‘ಇಂಗ್ಲೆಂಡಿನ ರೈಫಲ್, ಮೊದಲ ಮಹಾಯುದ್ಧ’ ಎಂದು ಬರೆದಿದ್ದರು. ಎರಡೂ ತಪ್ಪು. ಈ ತ್ರೀ ನಾಟ್ ತ್ರೀ, ಅಂದರೆ ಲೀ-ಎನ್‌ಫೀಲ್ಡ್ ರೈಫಲಿನ ಜಾತಕ ಇರುವುದು ಬೋಲ್ಟ್ ಹಿಡಿಯ ಕೆಳಗೆ, ಹಿಂದಿನ ಮರ ಬಂದು ಸೇರುವ ಉಕ್ಕಿನ ಬಳೆಯ ಬಲಬದಿಯಲ್ಲಿ. ಅಲ್ಲಿ ಕಿರೀಟ, ಅದರ ಕೆಳಗೆ ಜಿ.ಆರ್.ಐ., ಇಶಾಪುರ, 1942, ಮಾರ್ಕ್ 3 ಮತ್ತು ಒಂದು ನಕ್ಷತ್ರ ಒತ್ತಿದ್ದವು. ಜಿ.ಆರ್.ಐ. ಎಂದರೆ ‘ಜಾರ್ಜ್, ರಾಜ, ಚಕ್ರವರ್ತಿ’ ಎಂಬ ಲ್ಯಾಟಿನ್ ಬಿರುದಿನ ಮೊದಲಕ್ಷರಗಳು. ಆ ‘ಐ’ ಭಾರತದ ಚಕ್ರವರ್ತಿ ಪದವಿಯದು. 1948ರಲ್ಲಿ ಆ ಪದವಿಯನ್ನು ಅಧಿಕೃತವಾಗಿ ಬಿಟ್ಟುಕೊಟ್ಟರು. ಇಶಾಪುರದ ರೈಫಲ್ ಕಾರ್ಖಾನೆ ಕೋಲ್ಕತ್ತಾದ ಉತ್ತರಕ್ಕೆ ಹೂಗ್ಲಿ ದಂಡೆಯಲ್ಲಿದೆ. ನಕ್ಷತ್ರ 1916ರ ಸರಳೀಕರಣದ ಗುರುತು: ಯುದ್ಧದ ಅವಸರದಲ್ಲಿ, ಗುಂಡು ತುಂಬಿಡುವ ಮ್ಯಾಗಜೀನ್ ಮುಚ್ಚುವ ತಗಡು, ದೂರದ ಗುಂಪಿಗೆ ಗುರಿಯಿಡುವ ಪಕ್ಕದ ಗುರಿಪಟ್ಟಿ ಇವನ್ನೆಲ್ಲ ಕೈಬಿಟ್ಟರು. ಬ್ರಿಟನ್ ಎರಡನೇ ಯುದ್ಧದ ಹೊತ್ತಿಗೆ ನಂಬರ್ 4 ಮಾದರಿಗೆ ಹೊರಳಿಕೊಂಡರೂ ಇಶಾಪುರ ಹಳೆಯದನ್ನೇ ಮಾಡುತ್ತ ಹೋಯಿತು.

310 ಡಾಲರಿಗೆ ನನ್ನದಾಯಿತು. ತಾತ್ಕಾಲಿಕ ವೀಸಾದಲ್ಲಿರುವವರಿಗೆ ಅಮೆರಿಕದ ಕಾನೂನು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಬರುವ ತನಕ ನಾನು ಆ ಕಡೆ ತಲೆ ಹಾಕಿರಲಿಲ್ಲ. ಬಂದ ಮೇಲೆ, ಐವತ್ತು ವರ್ಷ ದಾಟಿದ ಬಂದೂಕುಗಳನ್ನು ಸಂಗ್ರಹಿಸುವವರಿಗೆ ಕೊಡುವ ಪರವಾನಗಿ ಮಾಡಿಸಿಕೊಂಡಿದ್ದೆ.

ಮನೆಯಲ್ಲಿ ಮೂರು ಸಂಜೆ ಹಿಡಿಯಿತು. ಸಾಮಾನು ಹೆಚ್ಚೇನಿಲ್ಲ: ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್, ಭೂತಗನ್ನಡಿ, ಟಾರ್ಚ್. ಟಾರ್ಚನ್ನು ನೇರವಾಗಿ ಬಿಡಬಾರದು, ಓರೆಯಾಗಿ ಹಿಡಿಯಬೇಕು. ಆಗ ಕಪ್ಪು ಬಣ್ಣದಡಿ ಹೂತ ಅಕ್ಷರಗಳೂ ನೆರಳು ಚೆಲ್ಲಿ ಎದ್ದು ಬರುತ್ತವೆ. ಹೀಗೆ ಮೊದಲು ಕಂಡದ್ದು ಬಾಣದ ಗುರುತು, ಅದರಡಿ ‘ಐ’ ಅಕ್ಷರ. ಅದು ಭಾರತ ಸರ್ಕಾರದ ಸೊತ್ತೆಂಬ ಮುದ್ರೆ. ಆಮೇಲೆ ಮುಂಭಾಗದ ಮರಕ್ಕೆ ಅಡ್ಡವಾಗಿ ಹೊಡೆದ ತಿರುಪು. ಮರ ಸೀಳದಿರಲೆಂದು ಇಶಾಪುರದವರು ಹಾಕುತ್ತಿದ್ದದ್ದು ಇದು. ಬೇರೆ ಮುದ್ರೆಗಳೆಲ್ಲ ಅಳಿಸಿದ್ದರೂ ಈ ತಿರುಪೊಂದರಿಂದಲೇ ಬಂದೂಕು ಭಾರತವನ್ನು ಹಾದು ಬಂದಿದೆ ಎಂದು ಊಹಿಸಬಹುದು.

ನಂತರ ಕ್ರಮಸಂಖ್ಯೆ. ನಳಿಗೆ ಕೂರುವ ಉಕ್ಕಿನ ಭಾಗದಲ್ಲಿ, ಬೋಲ್ಟಿನ ಹಿಡಿಯ ಹಿಂದೆ, ಹಿಂದಿನ ಗುರಿಪಟ್ಟಿಯ ಅಡಿಯಲ್ಲಿ, ಮೂತಿಯ ಕವಚದಲ್ಲಿ, ಮುಂಭಾಗದ ಮರದ ತುದಿಯಲ್ಲಿ ಹುಡುಕಿದೆ. ಎಲ್ಲ ಕಡೆಯೂ ಒಂದೇ ಅಂಕಿ! ಆ ರಾತ್ರಿ ಹೆಂಡತಿಗೆ ಕೊಚ್ಚಿಕೊಂಡದ್ದೂ ಆಯಿತು. ಮರುದಿನ ಭೂತಗನ್ನಡಿ ಹಿಡಿದಾಗ ಬೋಲ್ಟಿನ ಮೇಲೆ ಮೊದಲಿದ್ದ ಬೇರೊಂದು ಸಂಖ್ಯೆಗೆ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಒತ್ತಿದ್ದು ಕಂಡಿತು. ಅಂದರೆ ಬೋಲ್ಟ್ ಇನ್ನೊಂದು ಬಂದೂಕಿನ ಮಗು, ದತ್ತು ಬಂದದ್ದು. ಹಿಂದಿನ ಮರದ ಹೊದಿಕೆ ಬಿಚ್ಚಿದರೆ ನಳಿಗೆಯ ಮೇಲೆ ‘50’ ಎಂಬ ಇಸವಿ, ಇನ್ನೊಂದೆಡೆ ‘ಎಫ್.ಆರ್. 50’, ಅಂದರೆ 1950ರ ಕಾರ್ಖಾನೆ ರಿಪೇರಿ. ಕಾರ್ಖಾನೆಗೆ ಮರಳಿ ಹೋಗಿ ಬಿಚ್ಚಿ, ಸವೆದದ್ದನ್ನು ಬದಲಿಸಿ ಸಜ್ಜುಗೊಂಡ ಬಂದೂಕು ಇದು. ರಾಜನ ಕಿರೀಟ ಹೊತ್ತೇ ಗಣರಾಜ್ಯದ ವರ್ಷದಲ್ಲಿ ಹೊಸ ನಳಿಗೆ ಪಡೆದಿದೆ. ನನಗೆ ಇದು ಇನ್ನಷ್ಟು ಇಷ್ಟವಾಯಿತು. ಆದರೆ ‘1942ರಿಂದ ಯಾರೂ ಮುಟ್ಟದ್ದು’ ಎಂಬ ಬೆಲೆಯಂತೂ ಹೋಯಿತು.

ಇನ್ನೂ ಮೂರು ಮೋಸಗಳ ಪರೀಕ್ಷೆ ಉಳಿದಿತ್ತು. ‘ಡಿ.ಪಿ.’ (ಡ್ರಿಲ್ ಪರ್ಪಸ್, ಕವಾಯತಿಗೆ ಮಾತ್ರ) ಎಂಬ ಗುರುತು ನಮ್ಮ ಕವಾಯತಿನ ಬಂದೂಕುಗಳ ಮೇಲೂ ಇರುತ್ತಿತ್ತು. ಅಂಥದ್ದನ್ನು ಗುಂಡು ಹಾರಿಸಲು ಬಳಸಲೇಬಾರದು. ನಳಿಗೆಯ ತೂತು ತೀರ ಅಗಲವಾಗಿದ್ದು ಮ್ಯಾಗಜೀನಿನಲ್ಲಿ ಮರದ ತುಂಡಿದ್ದರೆ ಅದು .410 ಮಸ್ಕೆಟ್, ಪೊಲೀಸರಿಗಾಗಿ ಒಂದೇ ಗುಂಡಿನದಾಗಿ ಬದಲಿಸಿದ್ದು. ಚೌಕ ಮೂಲೆಗಳ, ಹನ್ನೆರಡು ಗುಂಡಿನ ಮ್ಯಾಗಜೀನ್ ಇದ್ದರೆ 1962ರ ಚೀನಾ ಯುದ್ಧದ ನಂತರ ಬಂದ 7.62 ಮಿ.ಮೀ. 2ಎ ಅಥವಾ 2ಎ1. ಅದನ್ನು ಎರಡನೇ ಮಹಾಯುದ್ಧದ್ದೆಂದು ಮಾರುವವರನ್ನು ನಾನೇ ನೋಡಿದ್ದೇನೆ. ನನ್ನದು ಮೂರರಲ್ಲಿ ಯಾವುದೂ ಅಲ್ಲ. ಹಾಗಿದ್ದರೂ ಬೋಲ್ಟ್ ದತ್ತು ಬಂದದ್ದರಿಂದ, ಬೋಲ್ಟಿಗೂ ನಳಿಗೆಗೂ ನಡುವಿನ ಅಂತರವನ್ನು ಬಂದೂಕು ರಿಪೇರಿಯವರ ಅಳತೆ ಉಪಕರಣದಿಂದ ನೋಡಿಸದೆ ಗುಂಡು ತುಂಬಲಿಲ್ಲ.

ಬೆಲೆಗೆ ಬಂದಾಗ ಮಾರುವವರು ಕೇಳುವ ಮೊತ್ತವನ್ನು ಪಕ್ಕಕ್ಕಿಟ್ಟೆ. ಯಾರು ಎಷ್ಟನ್ನಾದರೂ ಕೇಳಬಹುದು. ಹರಾಜಿನಲ್ಲಿ ನಿಜವಾಗಿ ಕೈ ಬದಲಾಯಿಸಿದ ದರಗಳನ್ನಷ್ಟೇ ಬರೆದುಕೊಂಡೆ, ಅದೂ ಇಶಾಪುರದ್ದು, ಅದೇ ಮಾರ್ಕ್, ಅದೇ ದಶಕದ್ದು. ಒಂಬತ್ತು ಸಿಕ್ಕವು. ನಳಿಗೆಯ ಒಳಗೆ ಸುರುಳಿ ಗೆರೆ ಹೊಳೆಯುತ್ತಿದ್ದವು ಮೇಲೆ, ತುಕ್ಕಿನ ಗುಂಡಿ ಬಿದ್ದವು ಕೆಳಗೆ. ಹಳೆಯ ಗುಂಡುಗಳ ಉಪ್ಪು ತೊಳೆಯದೆ ಬಿಟ್ಟ ನಳಿಗೆಯ ಗತಿ ಅದೇ. ಆಮದುದಾರರ ಹೆಸರನ್ನು ನಳಿಗೆಯ ಮೇಲೆ ಕೊರೆದವು ಇನ್ನೂ ಕೆಳಗೆ. ನನ್ನದಕ್ಕೆ ಆ ಕೊರೆತವೂ ಇತ್ತು, ಮೂತಿಯ ಬಳಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. 375 ಎಂದು ಅಂದಾಜು ಹಾಕಿದೆ.

ಗುರಿ ಅಭ್ಯಾಸದ ಕ್ಲಬ್ಬಿನಲ್ಲಿ ಹಿರಿಯ ಸಂಗ್ರಾಹಕರೊಬ್ಬರಿಗೆ ತೋರಿಸಿದೆ. ಅವರು ಮುದ್ರೆಗಳನ್ನು ನೋಡಲೇ ಇಲ್ಲ. ಹಿಂದಿನ ಮರದ ಮೇಲೆ ಹೆಬ್ಬೆರಳು ಆಡಿಸಿ, “ಇಲ್ಲಿ ಯಾರು ಉಜ್ಜಿದ್ದು?” ಎಂದರು. ಕೊಳೆ ಹೋಗಲೆಂದು ಮೊದಲ ಸಂಜೆ ಉಕ್ಕಿನ ನಾರಿನಿಂದ ಉಜ್ಜಿ ಅಗಸೆ ಎಣ್ಣೆ ಹಚ್ಚಿದ್ದು ನಾನೇ. ಆ ಜಾಗದಲ್ಲಿ ಒಂದು ವೃತ್ತಾಕಾರದ ಮುದ್ರೆ ಇತ್ತಂತೆ. ಈಗ ಅರ್ಧಚಂದ್ರ ಮಾತ್ರ ಉಳಿದಿದೆ. “ಮುನ್ನೂರು,” ಎಂದರು, “ಅದೂ ನೀವು ಮತ್ತೆ ಉಜ್ಜುವುದಿಲ್ಲವೆಂದರೆ.”

ಕೊಟ್ಟದ್ದಕ್ಕಿಂತ ಹತ್ತು ಡಾಲರ್ ಕಡಿಮೆ. ಮಾರುವ ಯೋಚನೆ ಹೇಗೂ ಇರಲಿಲ್ಲ. ಮನೆಗೆ ಬಂದು ಸಂಗ್ರಾಹಕರು ಕಡ್ಡಾಯವಾಗಿ ಇಡಬೇಕಾದ ಖಾತೆ ಪುಸ್ತಕ ತೆರೆದೆ. ಹರಾಜಿನವರ ರಸೀದಿಯಲ್ಲಿ ತಯಾರಕರ ಜಾಗದಲ್ಲಿ ‘ಇಂಗ್ಲೆಂಡ್’ ಎಂದಿತ್ತು. ನಾನು ‘ರೈಫಲ್ ಕಾರ್ಖಾನೆ, ಇಶಾಪುರ, ಭಾರತ’ ಎಂದು ಬರೆದು, ಬೋಲ್ಟನ್ನು ಬಿಚ್ಚಿ ಬೇರೆ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ.