ಕೂತ ಕೂಡಲೇ ಆಟ: ಬದಿಯಡ್ಕದ ನನ್ನ ಗೇಮ್ ಅಂಗಡಿಯ ಲೆಕ್ಕ

ಗಂಟೆಗೆ 40 ರೂಪಾಯಿ ಕೊಟ್ಟ ಹುಡುಗ ಮೊದಲ ಹತ್ತು ನಿಮಿಷ ಲೋಗೊ ನೋಡುತ್ತಾ ಕೂತರೆ ಮರುದಿನ ಈ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ನನ್ನಲ್ಲಿ ಹೊತ್ತಿನ ಲೆಕ್ಕ ಶುರುವಾಗುವುದು ಆಟ ಕೈಗೆ ಸಿಕ್ಕ ಮೇಲೆ. ಹೀಗೆ ಮಾಡುತ್ತೇನೆ ಅಂದಾಗ ಕಾಸರಗೋಡು ಪೇಟೆಯಲ್ಲಿ ಇದೇ ವ್ಯಾಪಾರ ಮಾಡುವ ಇಬ್ಬರು ನಕ್ಕಿದ್ದರು. "ಲೋಡಿಂಗಿನ ದುಡ್ಡು ಬಿಟ್ಟರೆ ರೂಮಿನ ಬಾಡಿಗೆ ಯಾರು ಕೊಡ್ತಾರೆ ಮಾರಾಯ?" ಬಾಡಿಗೆ ಈಗಲೂ ನಾನೇ ಕೊಡುತ್ತಿದ್ದೇನೆ, ತಿಂಗಳ ಒಂದನೇ ತಾರೀಕಿಗೇ. ಅವರಲ್ಲೊಬ್ಬರು ಅಂಗಡಿ ಮುಚ್ಚಿದರು.

ಆದರೆ ಲೆಕ್ಕ ಹಾಗಿಟ್ಟ ಮೇಲೆ ಕಾಯುವ ಒಂದೊಂದು ಸೆಕೆಂಡೂ ನನ್ನ ಕಿಸೆಯದು. ಟಿವಿಗೆ ಹಾಕಿ ಆಡುವ ಪಿಎಸ್4ರ (ಪ್ಲೇಸ್ಟೇಶನ್ 4) ಹಾರ್ಡ್‌ಡಿಸ್ಕ್ ತೆಗೆದು, ಅದಕ್ಕಿಂತ ಬೇಗ ಓದುವ ಎಸ್‌ಎಸ್‌ಡಿ ಹಾಕಿದೆ. ಒಂದಕ್ಕೆ ನಾಲ್ಕು ಸಾವಿರದ ಹತ್ತಿರ, ಮೂರು ಮೆಷಿನ್. ಮಾರಿದವನು ಹತ್ತು ಪಟ್ಟು ಸ್ಪೀಡ್ ಅಂದಿದ್ದ. ಜಿಟಿಎ 5 ಆಟ ಲೋಡ್ ಆಗುವ ಹೊತ್ತು ಒಂದೂವರೆ ನಿಮಿಷದಿಂದ ಮುಕ್ಕಾಲು ನಿಮಿಷಕ್ಕೆ ಇಳಿಯಿತು, ಅಷ್ಟೆ. ಡಿಸ್ಕ್ ಎಷ್ಟು ಓಡಿದರೂ ಒಳಗಿನ ಪ್ರೊಸೆಸರ್ 2013ರ ಕಾಲದ್ದು ತಾನೆ! ಕೆಲವೊಮ್ಮೆ ಆಟದೊಳಗೇ ಹುಳುಕಿರುತ್ತದೆ. ಜಿಟಿಎ ಆನ್‌ಲೈನ್‌ನ ಪಿಸಿ ಆವೃತ್ತಿಯನ್ನು 2021ರಲ್ಲಿ ಹೊರಗಿನ ಪ್ರೋಗ್ರಾಮರ್ ಒಬ್ಬ ಬಿಚ್ಚಿ ನೋಡಿ, ಒಂದು ಪಟ್ಟಿಯನ್ನು ಓದುವ ಕ್ರಮ ಸರಿಮಾಡಿದ್ದಕ್ಕೇ ಅವನ ಕಂಪ್ಯೂಟರಿನಲ್ಲಿ ಕಾಯುವ ಹೊತ್ತು ಸುಮಾರು ಶೇ. 70 ಇಳಿಯಿತು. ಆಟದ ಕಂಪನಿ ಅದನ್ನು ಒಪ್ಪಿ ಅವನಿಗೆ 10,000 ಡಾಲರ್ ಕೊಟ್ಟಿತು.

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ರೆಸ್ಟ್ ಮೋಡ್, ಅಂದರೆ ಆಟವನ್ನು ಮುಚ್ಚದೆ ಮೆಷಿನನ್ನು ಮಲಗಿಸಿಡುವುದು. ಬೆಳಿಗ್ಗೆ ಅಂಗಡಿ ಗುಡಿಸುವಾಗಲೇ ಲೋಗೊಗಳ ಪೂರ್ವರಂಗವನ್ನೆಲ್ಲ ಮುಗಿಸಿ, ಆಟವನ್ನು ಮೆನುವಿನಲ್ಲಿ ತಂದು ಮಲಗಿಸುತ್ತೇನೆ. ಹುಡುಗ ಬಂದು ಗುಂಡಿ ಒತ್ತಿದರೆ ನೇರ ಪ್ರಸಂಗಕ್ಕೆ. ಆಟಿ ತಿಂಗಳ ಮಳೆಯಲ್ಲಿ ಮಾತ್ರ ಇದು ಕೈಕೊಟ್ಟಿತು: ಕರೆಂಟ್ ಹೋದರೆ ಮಲಗಿದ ಆಟವೂ ಹೋಯಿತು, ಮೇಲಿಂದ ಮೆಷಿನ್ ಎದ್ದು ಡಿಸ್ಕ್ ಪರಿಶೀಲನೆಗೆ ಕೂರುತ್ತದೆ. ಯುಪಿಎಸ್‌ಗೆ ಮತ್ತೆ ಹನ್ನೆರಡು ಸಾವಿರ. ಅಪ್‌ಡೇಟ್‌ಗಳೋ, ಶಾಲೆ ಬಿಡುವ ಹೊತ್ತಿಗೇ ವಕ್ಕರಿಸುತ್ತಿದ್ದವು. ಅವನ್ನು ರಾತ್ರಿಗೆ ತಳ್ಳಿದ ಕ್ರಮ ಇಲ್ಲಿ ಬರೆಯುವುದಿಲ್ಲ, ಪೇಟೆಯವರೂ ಓದುತ್ತಾರೆ.

ಬಾಗಿಲ ಮೂಲೆಯಲ್ಲಿ ಕಾರ್ಟ್ರಿಡ್ಜ್ ಸಿಕ್ಕಿಸಿ ಆಡುವ ಹಳೆಯ ಎಂಟು ಬಿಟ್ ಗೇಮ್ ಸೆಟ್ ಇಟ್ಟದ್ದು ಸುಮ್ಮನೆ, ಸೀಟು ಖಾಲಿಯಾಗುವವರೆಗೆ ಕಾಯುವವರಿಗೆಂದು. 1985ರ ಸೂಪರ್ ಮಾರಿಯೊ ಪೂರ್ತಿ ಆಟವೇ 40 ಕೆಬಿ. ಕಾರ್ಟ್ರಿಡ್ಜ್‌ನ ಚಿಪ್‌ನಿಂದ ಪ್ರೊಸೆಸರ್ ನೇರ ಓದುತ್ತದೆ, ಮೊದಲು ಮೆಮೊರಿಗೆ ನಕಲು ಮಾಡಿಕೊಳ್ಳುವ ರಗಳೆಯಿಲ್ಲ. ಸ್ವಿಚ್, ಸ್ಟಾರ್ಟ್, ಓಟ. ಸೆಕೆಂಡಿಗೆ 300 ಕೆಬಿ ಓದುವ ಮೊದಲ ಪ್ಲೇಸ್ಟೇಶನ್‌ನ ಸಿಡಿ ಬಂದ ಮೇಲೆಯೇ ಕಾಯುವ ಶಾಪ ಗೇಮ್ ಸೆಟ್ ಇದ್ದ ಮನೆಗಳಿಗೆ ಗಟ್ಟಿಯಾಗಿ ಹತ್ತಿದ್ದು. ಅದರ ಕಾರ್ ರೇಸಿನ ಆಟ ರಿಡ್ಜ್ ರೇಸರ್‌ನಲ್ಲಂತೂ ಲೋಡ್ ಆಗುವಾಗ ಆಡಲು ಗ್ಯಾಲಕ್ಸಿಯನ್ ಎಂಬ ಹಳೆಯ ಆಟ ಕೊಟ್ಟಿದ್ದರು.

ಆ ಮೂಲೆಗೆ ಹೊಸ ಎಲ್‌ಇಡಿ ಟಿವಿ ಹಾಕಿ ನೋಡಿದೆ. ಆರನೇ ಕ್ಲಾಸಿನವನೊಬ್ಬ, "ಅಣ್ಣಾ, ಇದು ಆಲೋಚನೆ ಮಾಡಿ ಹಾರುತ್ತದೆ" ಎಂದ. ಸರಿಯೇ, ಒತ್ತಿದ್ದಕ್ಕೂ ಹಾರಿದ್ದಕ್ಕೂ ಚೂರು ಅಂತರ. ಆ ಅಂತರವಿಲ್ಲದ, ಪಿಕ್ಚರ್ ಟ್ಯೂಬಿನ ಹಳೆಯ ಡಬ್ಬಾ ಟಿವಿಯನ್ನು ಗುಜರಿಯಿಂದ 500 ರೂಪಾಯಿಗೆ ತಂದೆ. ಮೂರು ಜೀವಕ್ಕೆ 5 ರೂಪಾಯಿ. ಹೊಸಬರ ಮೂರು ಜೀವ ಎರಡು ನಿಮಿಷ ಬಾಳುವುದಿಲ್ಲ. ರಜಾ ದಿನ ಆ ಮೂಲೆಯೊಂದೇ ನಾನೂರರ ಹತ್ತಿರ ತರುತ್ತದೆ.

ಈಗ ಸೆಕೆಂಡ್‌ಹ್ಯಾಂಡ್ ಪಿಎಸ್5 ಒಂದು ಬಂದಿದೆ, ಗಂಟೆಗೆ 80. ಸ್ಪೈಡರ್‌ಮ್ಯಾನ್ ಮೆನುವಿನಿಂದ ಬೀದಿಗೆ ಬರಲು ಕೆಲವೇ ಸೆಕೆಂಡು. ಅಸಲು ಇನ್ನೂ ಹುಟ್ಟಲಿಲ್ಲ, ಓಣಂ ರಜೆಯಲ್ಲಿ ನೋಡಬೇಕು.