ಸಿಲಿಂಡರ್ ಎತ್ತುವ ಕೈಗೆ ಬಾರ್ಬೆಲ್: ಮಹಿಳೆಯರು ಭಾರ ಎತ್ತಲು ತೊಡಗುವುದು ಹೇಗೆ?

ಅಡುಗೆಮನೆಯ ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತದೆ. ಖಾಲಿ ಸಿಲಿಂಡರಿನ ತೂಕ ಹೆಚ್ಚುಕಡಿಮೆ 15ರಿಂದ 16 ಕಿಲೋ. ಅದನ್ನು ಹಿಡಿಕೆಯ ಬಳಿಯೇ ಬರೆದಿರುತ್ತಾರೆ. ಅಂದರೆ ಜಗಲಿಯಲ್ಲಿ ಇಟ್ಟುಹೋದ ಸಿಲಿಂಡರನ್ನು ಒಳಗೆ ಒಯ್ಯುವ ಮಹಿಳೆ ಸುಮಾರು 30 ಕಿಲೋ ಭಾರವನ್ನು ಯಾವ ತರಬೇತಿಯೂ ಇಲ್ಲದೆ, ಬೆನ್ನು ಬಾಗಿಸಿ, ಒಂದೇ ಮಗ್ಗುಲಿಗೆ ವಾಲಿಕೊಂಡು ಸಾಗಿಸುತ್ತಾಳೆ. ಅದೇ ಮಹಿಳೆ ಜಿಮ್‌ಗೆ ಸೇರಿದರೆ ಆಕೆಯ ಕೈಗೆ ಸಿಗುವುದು ಎರಡು ಕಿಲೋದ ಗುಲಾಬಿ ಬಣ್ಣದ ಡಂಬೆಲ್. ‘ಅಕ್ಕ, ನಿಮಗೆ ಇಷ್ಟು ಸಾಕು’ ಎಂದು ಟ್ರೈನರ್ ಹೇಳುತ್ತಾನೆ. ಆರು ತಿಂಗಳು ಕಳೆದ ಮೇಲೂ ಅದೇ ಡಂಬೆಲ್, ಅದೇ ಹದಿನೈದು ಸಲ. ನಲವತ್ತೊಂದನೆಯ ವಯಸ್ಸಿನಲ್ಲಿ ಭಾರ ಎತ್ತಲು ತೊಡಗಿದ ನಾನು ಮಂಗಳೂರು ಮತ್ತು ಉಡುಪಿಯ ಜಿಮ್‌ಗಳಲ್ಲಿ ಅತಿಭಾರ ಎತ್ತಿ ಪೆಟ್ಟು ಮಾಡಿಕೊಂಡ ಮಹಿಳೆಯರಿಗಿಂತ, ಭಾರವನ್ನು ಏರಿಸದೆಯೇ ಬೇಸತ್ತು ಬಿಟ್ಟವರನ್ನೇ ಹೆಚ್ಚು ಕಂಡಿದ್ದೇನೆ.

ಭಾರ ಎನ್ನುವುದಕ್ಕೆ ಎಲ್ಲರಿಗೂ ಒಪ್ಪುವ ಒಂದು ಅಂಕಿ ಇಲ್ಲ. ಐದು ಸಲ ಎತ್ತಿ ಇಳಿಸಿದ ಮೇಲೆ ‘ಇನ್ನು ಎರಡು ಸಲ ಎತ್ತಬಹುದಿತ್ತು, ಮೂರನೆಯದು ಖಂಡಿತ ಆಗುತ್ತಿರಲಿಲ್ಲ’ ಎನಿಸುವ ತೂಕವೇ ನಿಮಗೆ ಭಾರ. ಅದು ಮೊದಲ ವಾರ ಪ್ಲೇಟುಗಳನ್ನು (ತೂಕದ ಬಿಲ್ಲೆಗಳನ್ನು) ಹಾಕದ ಬಾರ್ಬೆಲ್ಲಿನ ಖಾಲಿ ರಾಡೇ ಆಗಿರಬಹುದು.

ಒಲಿಂಪಿಕ್ಸ್‌ನಲ್ಲಿ ನಾವು ನೋಡುವ ವೇಟ್‌ಲಿಫ್ಟಿಂಗ್‌ನಲ್ಲಿ ಸ್ನ್ಯಾಚ್ ಮತ್ತು ಕ್ಲೀನ್ ಆ್ಯಂಡ್ ಜರ್ಕ್ ಎಂಬ ಎರಡು ವಿಧಗಳಿವೆ; ಮೊದಲನೆಯದರಲ್ಲಿ ಭಾರವನ್ನು ನೆಲದಿಂದ ಒಂದೇ ಎಳೆತಕ್ಕೆ, ಎರಡನೆಯದರಲ್ಲಿ ಭುಜದವರೆಗೆ ತಂದು ಆಮೇಲೆ ತಲೆಯ ಮೇಲೆ ಎತ್ತುತ್ತಾರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೊದಲ ಬಾರಿ ಈ ಸ್ಪರ್ಧೆ ತೆರೆದಾಗ ಕರ್ಣಂ ಮಲ್ಲೇಶ್ವರಿ 69 ಕಿಲೋ ವಿಭಾಗದಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದದ್ದೂ, ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದದ್ದೂ ಇದರಲ್ಲಿಯೇ. ಇವೆರಡೂ ಕ್ಷಣಾರ್ಧದಲ್ಲಿ ಮುಗಿಯುವ ಚಲನೆಗಳಾದ್ದರಿಂದ ಎದುರಿಗೆ ಕೋಚ್ ನಿಲ್ಲದೆ ಕಲಿಯುವಂಥವಲ್ಲ. ಈ ಲೇಖನದ ವಿಷಯ ಪವರ್‌ಲಿಫ್ಟಿಂಗ್‌ನ ಮೂರು ನಿಧಾನ ಚಲನೆಗಳು: ಡೆಡ್‌ಲಿಫ್ಟ್, ಸ್ಕ್ವಾಟ್ (ರಾಡನ್ನು ಭುಜದ ಮೇಲೆ ಹೊತ್ತು ಕುಳಿತೇಳುವುದು) ಮತ್ತು ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಅಂಗಾತ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ಒತ್ತುವುದು).

ಮೊದಲು ವೈದ್ಯರಲ್ಲಿ ಕೇಳಬೇಕಾದದ್ದು

ಆರಂಭಕ್ಕೆ ಮುನ್ನ ಹಿಮೋಗ್ಲೋಬಿನ್ ಮತ್ತು ರಕ್ತದೊತ್ತಡದ ಪರೀಕ್ಷೆ ಮಾಡಿಸಿಕೊಳ್ಳಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಹಿಮೋಗ್ಲೋಬಿನ್ 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಅಂಥವರು ಎರಡನೆಯ ಸೆಟ್ಟಿನಲ್ಲಿಯೇ (ಬಿಡುವಿಲ್ಲದೆ ಕೆಲವು ಸಲ ಎತ್ತಿ ಇಳಿಸುವ ಒಂದು ಸುತ್ತೇ ಸೆಟ್) ಏದುಸಿರು ಬಿಟ್ಟು, ತಮಗೆ ಶಕ್ತಿಯೇ ಇಲ್ಲವೆಂದು ತಪ್ಪು ತಿಳಿದುಕೊಳ್ಳುತ್ತಾರೆ. ಹರ್ನಿಯಾ, ಅಧಿಕ ರಕ್ತದೊತ್ತಡ, ಗರ್ಭಕೋಶ ಜಾರಿದ ತೊಂದರೆ ಇರುವವರು, ಗರ್ಭಿಣಿಯರು ಮತ್ತು ಇತ್ತೀಚೆಗೆ ಹೆರಿಗೆ ಆದವರು ವೈದ್ಯರ ಒಪ್ಪಿಗೆ ಇಲ್ಲದೆ ಆರಂಭಿಸಬಾರದು. ಕೆಮ್ಮುವಾಗ, ಸೀನುವಾಗ ಮೂತ್ರ ಸೋರುವ ಸಮಸ್ಯೆಯನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಫಿಸಿಯೊಥೆರಪಿಸ್ಟರಿಗೆ ಹೇಳಿದರೆ ವಸ್ತಿಕುಹರದ (ಮೂತ್ರಕೋಶ, ಗರ್ಭಕೋಶಗಳಿರುವ ಕೆಳಹೊಟ್ಟೆಯ ಭಾಗದ) ಸ್ನಾಯುಗಳಿಗೆ ಬೇಕಾದ ವ್ಯಾಯಾಮವನ್ನು ಕಲಿಸುತ್ತಾರೆ, ಹೆಚ್ಚಿನವರಿಗೆ ಅದರಿಂದ ಗುಣ ಕಾಣುತ್ತದೆ.

ನಾನು ಆರಂಭಿಸಿದಾಗ ನೆರೆಮನೆಯವರು ಕೇಳಿದ ಪ್ರಶ್ನೆ ಬೇರೆ: ‘ಎಂತ ಮಾರಾಯ್ತಿ, ಗಂಡಸರ ಹಾಗೆ ಆಗ್ಲಿಕ್ಕುಂಟಾ?’ ಸ್ನಾಯುಗಳನ್ನು ದಪ್ಪ ಮಾಡುವ ಟೆಸ್ಟೊಸ್ಟೆರಾನ್ ಸಾಮಾನ್ಯವಾಗಿ ಮಹಿಳೆಯರ ರಕ್ತದಲ್ಲಿ ಗಂಡಸರಲ್ಲಿರುವುದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಸ್ಪರ್ಧಿಸಿದ್ದು 49 ಕಿಲೋ ವಿಭಾಗದಲ್ಲಿ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಶಕ್ತಿಯ ಬಹುಪಾಲು ಸ್ನಾಯು ಬೆಳೆದು ಬಂದದ್ದೂ ಅಲ್ಲ. ಇರುವ ಸ್ನಾಯುಗಳನ್ನು ಒಟ್ಟಿಗೆ ದುಡಿಸಲು ನರಗಳು ಕಲಿತುಕೊಂಡದ್ದರ ಫಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆಗಳು ಬೇಗನೆ ಸವೆಯುವುದರಿಂದ, ಮೂಳೆಯ ಮೇಲೆ ಭಾರ ಹೇರುವ ವ್ಯಾಯಾಮ ನಲವತ್ತು ದಾಟಿದವರಿಗೆ ಇನ್ನೂ ಹೆಚ್ಚು ಅಗತ್ಯ.

ಜಿಮ್‌ನಲ್ಲಿ ನೋಡಬೇಕಾದದ್ದು

ಏಸಿ, ಕನ್ನಡಿ, ಹಾಡು ಇವನ್ನು ಬಿಟ್ಟು ರಾಡನ್ನು ಇರಿಸುವ ಕಬ್ಬಿಣದ ಚೌಕಟ್ಟು, ಅಂದರೆ ರ‍್ಯಾಕ್ ಎಲ್ಲಿದೆ ಎಂದು ನೋಡಿ. ಸ್ಕ್ವಾಟ್ ಮಾಡುವಾಗ ಏಳಲಾಗದಿದ್ದರೆ ರಾಡನ್ನು ತಡೆದು ನಿಲ್ಲಿಸುವ ಎರಡು ಅಡ್ಡ ಸರಳುಗಳು ಅದರಲ್ಲಿ ಇರಲೇಬೇಕು. ಆಮೇಲೆ 1.25 ಕಿಲೋದ ಸಣ್ಣ ಪ್ಲೇಟುಗಳಿವೆಯೇ ಎಂದು ಕೇಳಿ. ಹಲವು ಕಡೆ ಇರುವುದಿಲ್ಲ, ಇದ್ದರೂ ಒಂದು ಕಳೆದುಹೋಗಿರುತ್ತದೆ. ನಾನು ಒಂದು ಜೊತೆಯನ್ನು ಕೊಂಡು ಚೀಲದಲ್ಲಿಯೇ ಇಟ್ಟುಕೊಂಡಿದ್ದೇನೆ. ಕೆಲವು ಜಿಮ್‌ಗಳು ಮಹಿಳೆಯರಿಗೆಂದು ಪ್ರತ್ಯೇಕ ಸಮಯವನ್ನೋ ಕೋಣೆಯನ್ನೋ ಇಡುತ್ತವೆ. ಆ ಹೊತ್ತಿನಲ್ಲಿ ರ‍್ಯಾಕ್ ಬಳಸಲು ಬಿಡುತ್ತಾರೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಿ.

ರಾಡಿನ ತೂಕವನ್ನು ಊಹಿಸಬೇಡಿ. ಒಲಿಂಪಿಕ್ ಅಳತೆಯ ಗಂಡಸರ ರಾಡ್ 20 ಕಿಲೋ, ಮಹಿಳೆಯರದು 15 ಕಿಲೋ. ಮಹಿಳೆಯರ ರಾಡ್ 25 ಮಿಲಿಮೀಟರ್ ದಪ್ಪವಿದ್ದು ಸಣ್ಣ ಅಂಗೈಗೆ ಚೆನ್ನಾಗಿ ಒಗ್ಗುತ್ತದೆ. ಸಾಧಾರಣ ಜಿಮ್‌ಗಳ ಸಣ್ಣ ರಾಡುಗಳ ತೂಕ ಇದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ತೂಕದ ಯಂತ್ರದ ಮೇಲೆ ಒಮ್ಮೆ ಬರಿಗೈಯಲ್ಲಿ, ಒಮ್ಮೆ ರಾಡ್ ಹಿಡಿದು ನಿಂತು ಕಳೆದರೆ ಲೆಕ್ಕ ಸಿಗುತ್ತದೆ.

ಕರಾವಳಿಯ ಶೆಕೆಗೆ ಅಂಗೈ ಬೆವರಿ ರಾಡ್ ಜಾರುವುದು ಇಲ್ಲಿಯವರ ವಿಶೇಷ ಕಷ್ಟ. ಒಂದು ಬೈರಾಸು ಮತ್ತು ಚಾಕ್ ಪುಡಿ ಜೊತೆಗಿರಲಿ. ಉಪ್ಪುಗಾಳಿಗೆ ರಾಡ್ ತುಕ್ಕು ಹಿಡಿಯುವುದರಿಂದ ಹಿಡಿಯುವ ಮೊದಲು ಒರೆಸಿಕೊಳ್ಳಿ. ಮಳೆಗಾಲದಲ್ಲಿ ಚರ್ಮದ ಬೆಲ್ಟನ್ನು ಚೀಲದೊಳಗೇ ಬಿಟ್ಟರೆ ವಾರದಲ್ಲಿ ಬೂಸ್ಟು ಹಿಡಿಯುತ್ತದೆ, ಆದರೆ ಮೊದಲ ಮೂರು ತಿಂಗಳು ಬೆಲ್ಟಿನ ಅಗತ್ಯವೇ ಇಲ್ಲ. ಮೆತ್ತನೆಯ ಓಟದ ಶೂ ಭಾರದಡಿಯಲ್ಲಿ ಅಲುಗಾಡುತ್ತದೆ. ಚಪ್ಪಟೆ, ಗಟ್ಟಿ ಅಡಿಯ ಶೂ ಹಾಕಿಕೊಳ್ಳಿ. ಬಳೆ, ಉಂಗುರ ತೆಗೆದಿಡಿ. ಕರಿಮಣಿ ತೆಗೆಯಲು ಮನಸ್ಸಿಲ್ಲದವರು ಅದನ್ನು ಬಟ್ಟೆಯೊಳಗೆ ಸೇರಿಸಿ ಪಿನ್ ಹಾಕಿಕೊಳ್ಳಬೇಕು, ಏಕೆಂದರೆ ಬೆಂಚ್ ಪ್ರೆಸ್‌ನಲ್ಲಿ ಎದೆಗಿಳಿಯುವ ರಾಡಿಗೆ ಮೊದಲು ತಾಗುವುದೇ ಅದು.

ಡೆಡ್‌ಲಿಫ್ಟ್: ನೆಲದಿಂದ ಎತ್ತುವುದು

ಮೊದಲು ಇದನ್ನೇ ಕಲಿಯಿರಿ. ಆಗದಿದ್ದರೆ ರಾಡನ್ನು ನೆಲಕ್ಕೆ ಬಿಟ್ಟರೆ ಮುಗಿಯಿತು, ಮೈಮೇಲೆ ಬೀಳುವುದಿಲ್ಲ. ರಾಡ್ ಮುಟ್ಟುವ ಮೊದಲು ಮನೆಯಲ್ಲಿ ಒಂದು ವಾರ ಈ ಅಭ್ಯಾಸ ಮಾಡಿ. ಗೋಡೆಗೆ ಬೆನ್ನು ಹಾಕಿ ಒಂದು ಗೇಣು ಮುಂದೆ ನಿಂತು, ಮೊಣಕಾಲನ್ನು ತುಸುವೇ ಮಡಚಿ, ಪೃಷ್ಠವನ್ನು ಹಿಂದಕ್ಕೆ ಸರಿಸಿ ಗೋಡೆಗೆ ತಾಗಿಸಿ. ಎರಡೂ ಕೈಯಲ್ಲಿ ಪಾತ್ರೆ ಹಿಡಿದಿರುವಾಗ ಬಾಗಿಲನ್ನು ಹಿಂಬದಿಯಿಂದ ತಳ್ಳಿ ಮುಚ್ಚುತ್ತೇವಲ್ಲ, ಅದೇ ಚಲನೆ. ಬೆನ್ನಿನ ಉದ್ದಕ್ಕೆ ಒಂದು ಕೋಲು ಹಿಡಿದುಕೊಂಡರೆ ಅದು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ ಮತ್ತು ಸೊಂಟದ ಕೆಳಗಿನ ಮೂಳೆ, ಈ ಮೂರು ಕಡೆಯೂ ತಾಗಿಯೇ ಇರಬೇಕು. ಹಿಡಿಸೂಡಿಯಲ್ಲಿ ಅಂಗಳ ಗುಡಿಸುವಾಗ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಅಷ್ಟು ವರ್ಷಗಳ ಆ ರೂಢಿಯನ್ನು ಬಿಡಿಸಲು ಈ ಒಂದು ವಾರ ಬೇಕು.

ನಂತರ ರಾಡಿನ ಮುಂದೆ ಪಾದಗಳನ್ನು ಸೊಂಟದ ಅಗಲಕ್ಕೆ ಇಟ್ಟು ನಿಲ್ಲಿ. ಮೇಲಿಂದ ನೋಡಿದಾಗ ರಾಡ್ ಪಾದದ ನಟ್ಟನಡುವೆ, ಶೂ ಲೇಸಿನ ಮೇಲೆ ಕಾಣಬೇಕು. ಪೃಷ್ಠವನ್ನು ಹಿಂದಕ್ಕೆ ಸರಿಸುತ್ತಾ ಬಾಗಿ ಕಾಲುಗಳ ಹೊರಬದಿಯಲ್ಲಿ ರಾಡ್ ಹಿಡಿಯಿರಿ, ಆಮೇಲೆ ಮೊಣಕಾಲಿನ ಕೆಳಗಿನ ಮೂಳೆ ರಾಡಿಗೆ ತಾಗುವವರೆಗೆ ಕಾಲು ಮಡಚಿ, ಎದೆಯನ್ನು ಎತ್ತಿ ಬೆನ್ನನ್ನು ಹಲಗೆಯಂತೆ ಬಿಗಿ ಮಾಡಿ. ಈಗ ಹೊಟ್ಟೆ ತುಂಬ ಉಸಿರು ಎಳೆದುಕೊಂಡು, ಯಾರೋ ಹೊಟ್ಟೆಗೆ ಗುದ್ದಲು ಬರುತ್ತಿದ್ದಾರೆ ಎಂಬಂತೆ ಬಿಗಿಹಿಡಿಯಿರಿ. ಕೂಡಲೇ ಜಗ್ಗಬೇಡಿ. ರಾಡನ್ನು ಮೆಲ್ಲನೆ ಮೇಲಕ್ಕೆ ಎಳೆದರೆ ಪ್ಲೇಟಿನ ತೂತಿಗೆ ರಾಡ್ ತಾಗಿ ‘ಟಿಕ್’ ಎಂಬ ಸಣ್ಣ ಸದ್ದು ಬರುತ್ತದೆ. ಆ ಸದ್ದು ಕೇಳಿದ ಮೇಲೆ ಕಾಲುಗಳಿಂದ ನೆಲವನ್ನು ಒತ್ತಿ ಏಳಿ. ರಾಡ್ ಕಾಲನ್ನು ಸವರಿಕೊಂಡೇ ಬರಬೇಕು. ಒಂದು ಗೇಣು ದೂರ ಸರಿದರೂ ಸೊಂಟದ ಮೇಲಿನ ಹೊರೆ ಬಹಳ ಹೆಚ್ಚುತ್ತದೆ. ನೆಟ್ಟಗೆ ನಿಂತಲ್ಲಿಗೆ ಮುಗಿಯಿತು, ಹಿಂದಕ್ಕೆ ವಾಲುವ ಅಗತ್ಯವಿಲ್ಲ. ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿಯುವ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್. ಆದ್ದರಿಂದ ರಾಡ್ ನೆಲದಿಂದ 22.5 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಹೊಸಬರು ಹಾಕುವ ಐದು ಕಿಲೋದ ಪ್ಲೇಟುಗಳು ಸಣ್ಣವಾಗಿದ್ದರೆ ರಾಡ್ ತೀರ ಕೆಳಗಿಳಿದು ಬೆನ್ನು ಬಾಗಿಯೇ ಬಾಗುತ್ತದೆ. ಎರಡು ಬದಿಗೂ ಅಡಿಯಲ್ಲಿ ಒಂದೊಂದು ಪ್ಲೇಟನ್ನು ಮಲಗಿಸಿ ಎತ್ತರಿಸಿಕೊಳ್ಳಿ.

ಸ್ಕ್ವಾಟ್, ಬೆಂಚ್ ಪ್ರೆಸ್

ಮೆಟ್ಟುಕತ್ತಿಯ ಮೇಲೆ ಕುಳಿತು ತರಕಾರಿ ಹೆಚ್ಚಿ, ಕುಕ್ಕರಗಾಲಲ್ಲಿ ಪಾತ್ರೆ ತೊಳೆದು ಬೆಳೆದವರಿಗೆ ಸ್ಕ್ವಾಟ್ ಹೊಸತಲ್ಲ. ಬಾಲ್ಯದ ಆ ಸಡಿಲವಾದ ಹಿಮ್ಮಡಿಗಂಟು ಕುರ್ಚಿಯ ಕೆಲಸದಿಂದ ಬಿಗಿದುಕೊಂಡಿದ್ದರೆ ಕೆಲವು ವಾರ ಕಂಬವನ್ನೋ ಬಾಗಿಲ ಚೌಕಟ್ಟನ್ನೋ ಹಿಡಿದು ಕುಳಿತೇಳುವ ಅಭ್ಯಾಸ ಮಾಡಿ. ಬಳಿಕ ಒಂದು ಡಂಬೆಲನ್ನು ಎದೆಗೆ ಅವುಚಿ ಹಿಡಿದು ಕುಳಿತೇಳಿ. ಹತ್ತು ಹನ್ನೆರಡು ಕಿಲೋ ಸಲೀಸಾದ ಮೇಲೆ ರಾಡ್. ರಾಡನ್ನು ಕತ್ತಿನ ಮೂಳೆಯ ಮೇಲಿಡದೆ ಭುಜದ ಹಿಂಭಾಗದ ಮಾಂಸಖಂಡದ ಮೇಲೆ ಇರಿಸಬೇಕು. ಕುಳಿತೇಳುವಾಗ ಮೊಣಕಾಲುಗಳು ಒಳಕ್ಕೆ ಕೂಡಿಕೊಳ್ಳದೆ ಕಾಲ್ಬೆರಳುಗಳ ದಿಕ್ಕಿಗೇ ಸಾಗಬೇಕು. ಬೆಂಚ್ ಪ್ರೆಸ್ ಬಗ್ಗೆ ಇಲ್ಲಿ ಹೇಳುವುದು ಒಂದೇ: ತಲೆಯ ಬಳಿ ಒಬ್ಬರು ನಿಲ್ಲದೆ ಅದನ್ನು ಮಾಡಬೇಡಿ.

ಪ್ಲೇಟ್ ಹಾಕಿದ ಮೇಲೆ ಎರಡೂ ತುದಿಗೆ ಕ್ಲಿಪ್ ಸಿಕ್ಕಿಸಬೇಕು, ತೆಗೆಯುವಾಗ ಎರಡೂ ಬದಿಯಿಂದ ಒಂದೊಂದಾಗಿ ತೆಗೆಯಬೇಕು. ನಾನು ಒಮ್ಮೆ ಮಾತಿನ ಭರದಲ್ಲಿ ಎಡಬದಿಯ ಪ್ಲೇಟುಗಳನ್ನೆಲ್ಲ ತೆಗೆದುಬಿಟ್ಟೆ. ಬಲಬದಿಯ ಭಾರಕ್ಕೆ ರಾಡ್ ರ‍್ಯಾಕಿನಿಂದ ಮೊಗಚಿ, ಎಡತುದಿ ನನ್ನ ಕಿವಿಯ ಪಕ್ಕದಲ್ಲೇ ಮೇಲೆದ್ದು ಹೋಯಿತು. ನೆಲದ ಟೈಲ್ಸ್ ಒಡೆದ ಹಣವನ್ನು ಕೊಟ್ಟದ್ದರಲ್ಲಿ ಮುಗಿಯಿತು.

ನೋಟ್‌ಬುಕ್ಕಿನ ಲೆಕ್ಕ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಖಾಲಿ ರಾಡಿನಲ್ಲಿ ಒಂದೆರಡು ಸೆಟ್, ಅರ್ಧ ಭಾರದಲ್ಲಿ ಒಂದು ಸೆಟ್ ಮಾಡಿ ಮೈ ಬಿಸಿಯಾದ ಮೇಲೆ ಆ ದಿನದ ಭಾರದಲ್ಲಿ ಐದೈದು ಸಲದ ಮೂರು ಸೆಟ್. ಸೆಟ್ಟುಗಳ ನಡುವೆ ಮೂರು ನಿಮಿಷ ಕುಳಿತುಕೊಳ್ಳಿ. ಬೆವರು ಸುರಿದರೆ ಮಾತ್ರ ವ್ಯಾಯಾಮವೆಂಬ ನಂಬಿಕೆ ಇಲ್ಲಿ ಸಲ್ಲದು, ಸುಮ್ಮನೆ ಕುಳಿತರೂ ಬೆವರುವ ಊರು ನಮ್ಮದು. ತಾರೀಕು, ತೂಕ, ಎಷ್ಟು ಸಲ, ಕೊನೆಯದು ಹೇಗೆ ಎದ್ದಿತು ಎಂಬುದನ್ನು ಅಲ್ಲೇ ಬರೆದಿಡಿ. ಮೂರೂ ಸೆಟ್ ಬೆನ್ನು ಬಾಗದೆ ಮುಗಿದರೆ ಮುಂದಿನ ವಾರ ಬದಿಗೆ 1.25 ಕಿಲೋದಂತೆ 2.5 ಕಿಲೋ ಸೇರಿಸಿ. 30 ಕಿಲೋದಿಂದ ಡೆಡ್‌ಲಿಫ್ಟ್ ಆರಂಭಿಸಿದವರು ಹೀಗೆ ತಪ್ಪದೆ ಏರಿಸಿದರೆ ಹನ್ನೆರಡನೆಯ ವಾರಕ್ಕೆ 57.5 ಕಿಲೋ ಮುಟ್ಟುತ್ತಾರೆ, ಎರಡು ತುಂಬಿದ ಸಿಲಿಂಡರುಗಳ ಸಮೀಪಕ್ಕೆ. ಬೆಂಚ್ ಪ್ರೆಸ್ ಅಷ್ಟು ಬೇಗ ಏರದು. ಅಲ್ಲಿ ಅದೇ ತೂಕದಲ್ಲಿ ಐದನ್ನು ಎಂಟಕ್ಕೆ ಏರಿಸಿ, ಬಳಿಕ ತೂಕ ಹೆಚ್ಚಿಸಿ.

ಊಟದ ವಿಷಯದಲ್ಲಿ ನಮ್ಮ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯದ್ದೇ ತೊಡಕು. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಿಗುವುದಿಲ್ಲ. ಸಾಮಾನ್ಯ ಜೀವನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಭಾರ ಎತ್ತುವವರಿಗೆ 1.6 ಗ್ರಾಂವರೆಗೆ ಸಲಹೆ ಮಾಡುವುದು ವಾಡಿಕೆ. 60 ಕಿಲೋದ ಮಹಿಳೆಗೆ ಅದು 96 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಬಂಗುಡೆಯಲ್ಲಿ 20ರ ಆಸುಪಾಸು, ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ 24 ಎಂದು ಲೆಕ್ಕ ಹಾಕಿದರೆ ಡಬ್ಬಿಯ ಪುಡಿ ಇಲ್ಲದೆಯೂ ಬಹುಪಾಲು ತುಂಬುತ್ತದೆ. ಸಸ್ಯಾಹಾರಿಗಳು ಹುರುಳಿ, ಮೊಸರು, ಪನ್ನೀರಿನತ್ತ ಕೈ ಚಾಚಬೇಕು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ವ್ಯಾಯಾಮದ ಮರುದಿನ, ಅದರ ಮರುದಿನ ತೊಡೆ, ಬೆನ್ನು ಹಿಡಿದುಕೊಂಡಂತಾಗುವುದು ಸಹಜ. ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಎತ್ತುತ್ತಿರುವಾಗಲೇ ಚುಚ್ಚುವ ನೋವು, ಕಾಲಿಗೆ ಇಳಿಯುವ ಜೋಮು, ಒಂದೇ ಸಂದಿಯಲ್ಲಿ ನಿಲ್ಲುವ ನೋವು ಸಹಜವಲ್ಲ. ಆ ದಿನ ಅಲ್ಲಿಗೇ ನಿಲ್ಲಿಸಿ. ಮುಟ್ಟಿನ ದಿನಗಳಲ್ಲಿ ಭಾರ ಎತ್ತಬಾರದೆಂಬ ನಿಯಮವೇನೂ ಇಲ್ಲ, ಮೈ ಒಪ್ಪದಿದ್ದರೆ ತೂಕ ಇಳಿಸಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ಆ ದಿನವನ್ನೂ ಗುರುತಿಸಿಟ್ಟರೆ ಮೂರು ತಿಂಗಳಲ್ಲಿ ನಿಮ್ಮ ಮೈಯ ರೀತಿ ನಿಮಗೇ ತಿಳಿಯುತ್ತದೆ. ಒಂದೇ ತೂಕದಲ್ಲಿ ಮೂರು ಸಲ ಸತತವಾಗಿ ಸೋತರೆ ನೂರಕ್ಕೆ ಹತ್ತರಷ್ಟು ಇಳಿಸಿ, ಉದಾಹರಣೆಗೆ 50 ಕಿಲೋ ಇದ್ದದ್ದನ್ನು 45ಕ್ಕೆ ತಂದು, ಅಲ್ಲಿಂದ ಮತ್ತೆ ವಾರಕ್ಕೆ 2.5ರಂತೆ ಏರಿಸಿಕೊಂಡು ಬನ್ನಿ.