ಒಂದೇ ಬೆಳಕಲ್ಲಿ ವೀರಗಲ್ಲು, ಪಕ್ಕದಲ್ಲೇ ಗೋಗ್ರಹಣ: ನಮ್ಮ ಅನುಭವ

ಊರಿನ ಚರಿತ್ರೆಯ ಕಾರ್ಯಕ್ರಮವೆಂದರೆ ಬೆಳಗ್ಗೆ ಹತ್ತೂವರೆಗೆ ಶಾಮಿಯಾನ, ಉದ್ಘಾಟನೆ, ಉಪನ್ಯಾಸ, ಊಟ. ಮೊದಲ ಮೂರು ಸಲ ನಾವೂ ಹಾಗೇ ಮಾಡಿದೆವು. ವೇದಿಕೆ ಶಾಲೆಯ ಅಂಗಳದಲ್ಲಿ, ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ವೀರಗಲ್ಲು ಕೆರೆ ಏರಿಯ ಕೆಳಗೆ. ಊಟ ಮುಗಿದ ಮೇಲೆ ಕಲ್ಲಿನವರೆಗೆ ನಡೆದು ಬಂದವರು ಹತ್ತೋ ಹನ್ನೆರಡೋ ಜನ. ಒಂದೊಂದಕ್ಕೂ ನಲವತ್ತು ಸಾವಿರದ ಆಸುಪಾಸು ಕರಗಿತು. ಶಾಮಿಯಾನ, ಕುರ್ಚಿ, ಮೈಕಿಗೆ ಹದಿನಾಲ್ಕು, ಊಟಕ್ಕೆ ಹದಿನೈದು, ಉಳಿದದ್ದು ಫ್ಲೆಕ್ಸು, ಶಾಲು, ಹಾರ, ನೆನಪಿನ ಕಾಣಿಕೆಗೆ. ಕಲ್ಲಿಗಾಗಿ ಖರ್ಚಾದದ್ದು ಒಂದು ಬಕೆಟ್ ನೀರು.

ಕಲ್ಲಿನ ಮುಂದೆಯೇ ರಾತ್ರಿ ಹೊತ್ತು ಶಾಸನ ಓದಿಸಿ, ಅಲ್ಲೇ ಪರದೆ ಕಟ್ಟಿ ತೊಗಲು ಗೊಂಬೆ ಆಡಿಸೋಣ ಎಂದಾಗ ಒಪ್ಪಿದವರು ಯಾರೂ ಇಲ್ಲ. ಕತ್ತಲಲ್ಲಿ ಕಲ್ಲು ನೋಡೋಕೆ ಯಾರು ಬರ್ತಾರೆ, ಹಾವು ಚೇಳು ಬೇರೆ ಎಂದರು. ಈಗ ಮಂಡ್ಯ, ತುಮಕೂರು ಸೀಮೆಯ ಏಳು ಊರುಗಳಲ್ಲಿ ಮಾಡಿದ್ದೇವೆ. ಕಡೆಯ ಸಲ ಮುನ್ನೂರಕ್ಕೂ ಮೇಲೆ ಜನ ನೆಲದ ಮೇಲೆ ಕೂತು ಕೊನೆವರೆಗೆ ಏಳಲಿಲ್ಲ. ಅನುಮಾನಪಟ್ಟವರೇ ಈಗ ತಮ್ಮೂರಿಗೆ ಕರೆಯುತ್ತಿದ್ದಾರೆ.

ಇದರ ಜೀವಾಳ ಬೆಳಕು. ಮಧ್ಯಾಹ್ನದ ಬಿಸಿಲಲ್ಲಿ ಸವೆದ ಅಕ್ಷರ ಕಾಣದು. ರಾತ್ರಿ ಕಲ್ಲಿನ ಮುಖಕ್ಕೆ ಒರಸಿಕೊಂಡು ಹೋಗುವಂತೆ ಪಕ್ಕದಿಂದ ಬೆಳಕು ಬಿಟ್ಟರೆ, ಕೂದಲೆಳೆಯಷ್ಟು ಆಳದ ಗೆರೆಯೂ ನೆರಳು ಹಿಡಿದು ನಿಲ್ಲುತ್ತದೆ. ಒಳ್ಳೆಯದೊಂದು ಟಾರ್ಚು ಸಾಕು, ನಾಲ್ಕೈದು ಅಡಿ ದೂರದಲ್ಲಿ ಹಿಡಿಯಬೇಕು, ಕೋನ ಹತ್ತು ಹದಿನೈದು ಡಿಗ್ರಿ ದಾಟಬಾರದು. ಎಡಗಡೆಯಿಂದ ಹಿಡಿದರೆ ಉದ್ದ ಗೆರೆಗಳು ಎದ್ದು ಕಾಣುತ್ತವೆ, ಅಡ್ಡ ಗೆರೆಗಳು ಮುಚ್ಚಿಹೋಗುತ್ತವೆ. ಅದಕ್ಕೇ ಟಾರ್ಚು ಹಿಡಿದವನು ಎಡಗಡೆಯಿಂದ ಮೇಲಕ್ಕೆ ಕಮಾನಿನಂತೆ ನಿಧಾನವಾಗಿ ತಿರುಗಿಸಬೇಕು. ತಲೆಕಟ್ಟು, ಕೊಂಬು, ಒತ್ತು ಒಂದಾದ ಮೇಲೊಂದು ಮೂಡುತ್ತವೆ. ಆಗ ಜನರ ಬಾಯಿಂದ ಹೊರಡುವ ಉದ್ಗಾರಕ್ಕೆ ಯಾವ ಉಪನ್ಯಾಸವೂ ಸಮವಲ್ಲ.

ಮೊದಲ ರಾತ್ರಿ ಇದು ಪೂರ್ತಿ ಕೆಟ್ಟಿತ್ತು. ಎರಡೂ ಕಡೆಯಿಂದ ಒಂದೊಂದು ಫ್ಲಡ್‌ಲೈಟ್ ಹಾಕಿದ್ದೆವು. ಒಂದರ ನೆರಳನ್ನು ಇನ್ನೊಂದು ಅಳಿಸಿ ಕಲ್ಲು ಬೋಳಾಗಿ ಕಂಡಿತು. ಸಾಲದ್ದಕ್ಕೆ ಹತ್ತು ಮಾರು ದೂರದ ಬೀದಿದೀಪ. ಈಗ ಹಿಂದಿನ ದಿನವೇ ಪಂಚಾಯ್ತಿಗೆ ಹೇಳಿ, ಸ್ವಿಚ್ಚು ಹಾಕುವ ವಾಟರ್‌ಮ್ಯಾನ್‌ಗೆ ನೆನಪಿಸಿ ಆ ಸಾಲಿನ ದೀಪ ಎರಡು ಗಂಟೆ ಆರಿಸಿಸುತ್ತೇವೆ. ಜನರ ಮೊಬೈಲ್ ಟಾರ್ಚು ಆರಿಸಿಸುವುದೇ ಇದಕ್ಕಿಂತ ಕಷ್ಟ. ಮಕ್ಕಳಿಗೆ ಆ ಜವಾಬ್ದಾರಿ ಕೊಟ್ಟರೆ ದೊಡ್ಡವರು ಮಾತು ಕೇಳುತ್ತಾರೆ. ಬೆಳುದಿಂಗಳೂ ಶತ್ರುವೇ. ಕೃಷ್ಣಪಕ್ಷದ ಕೊನೆಯ ವಾರ ಹಿಡಿಯಿರಿ, ಆದರೆ ಅಮಾವಾಸ್ಯೆಯ ದಿನ ಬೇಡ, ಅವತ್ತು ಮನೆ ದೇವರು, ಪೂಜೆ ಎಂದು ಯಾರೂ ಸಿಗುವುದಿಲ್ಲ. ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿದ ಮೇಲೆ, ಯುಗಾದಿಗೆ ಮುಂಚೆ ಒಳ್ಳೆಯ ಕಾಲ. ಡೇರಿಗೆ ಹಾಲು ಹಾಕಿ ಬಂದು, ಊಟ ಮುಗಿಸುವಷ್ಟರಲ್ಲಿ ಎಂಟು. ಅದಕ್ಕೆ ಮುಂಚೆ ಶುರು ಮಾಡಿದರೆ ಹೆಂಗಸರು ಬರಲಾರರು.

ಕಲ್ಲು ತೊಳೆಯುವ ಬಗ್ಗೆ. ವೀರಗಲ್ಲನ್ನು ದೇವರೆಂದು ಪೂಜಿಸುವ ಕಡೆ ಎಣ್ಣೆ, ಕುಂಕುಮ, ಸುಣ್ಣ ಪದರಗಟ್ಟಿರುತ್ತವೆ. ಪೂಜೆ ಮಾಡುವ ಮನೆಯವರನ್ನು ಕೇಳದೆ ಮುಟ್ಟಬೇಡಿ. ಕೇಳಿದರೆ ಅವರೇ ಬಂದು ತೊಳೆದುಕೊಡುತ್ತಾರೆ. ನೀರು, ತೆಂಗಿನ ನಾರು, ಸುಣ್ಣದ ಪದರಕ್ಕೆ ನೆನೆಸಿದ ಬಿದಿರ ಚಕ್ಕೆ, ಇಷ್ಟೇ. ಆಸಿಡ್, ಸೋಪಿನ ಪುಡಿ, ತಂತಿ ಬ್ರಷ್ಷು ಕೂಡದು. ಕೆಳಸಾಲು ಮಣ್ಣಲ್ಲಿ ಹೂತಿದ್ದರೆ ಒಂದು ಗೇಣಿಗಿಂತ ಹೆಚ್ಚು ಬಿಡಿಸಬೇಡಿ, ಕಲ್ಲು ಮುಂದಕ್ಕೆ ವಾಲುತ್ತದೆ. ನೋಡಿದ ಮೇಲೆ ಮಣ್ಣು ತುಂಬಿ ತುಳಿದು ಗಟ್ಟಿ ಮಾಡಬೇಕು. ಸರ್ಕಾರದ ಸಂರಕ್ಷಿತ ಸ್ಮಾರಕದಲ್ಲಿ ಇದ್ಯಾವುದನ್ನೂ ಅನುಮತಿಯಿಲ್ಲದೆ ಮಾಡುವಂತಿಲ್ಲ. ನಾವು ಗೋಮಾಳ, ಏರಿ, ಹೊಲದ ಬದುವಿನ ಅನಾಥ ಕಲ್ಲುಗಳನ್ನೇ ಆರಿಸುತ್ತೇವೆ.

ಅಕ್ಷರಕ್ಕೆ ಸೀಮೆಸುಣ್ಣ ತುಂಬುವುದು ದೊಡ್ಡ ತಪ್ಪು. ನಾವೂ ಮಾಡಿದ್ದೆವು. ಹಳಗನ್ನಡ ಲಿಪಿಯಲ್ಲಿ ದ, ಡ ಒಂದೇ ಥರ ಕಾಣುತ್ತವೆ. ಎ, ಏ ಬೇರೆಯಿಲ್ಲ, ಒ, ಓ ಬೇರೆಯಿಲ್ಲ. ಸುಣ್ಣ ತುಂಬಿದವನು ತಾನು ಅಂದುಕೊಂಡ ಅಕ್ಷರವನ್ನೇ ಬರೆದುಬಿಡುತ್ತಾನೆ, ಆಮೇಲೆ ಫೋಟೋದಲ್ಲೂ ಅದೇ ತಪ್ಪು ಉಳಿಯುತ್ತದೆ.

ಓದಿಸುವುದಕ್ಕೆ ಮುಂಚೆ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳಲ್ಲಿ ಊರನ್ನು ಹುಡುಕಿಕೊಳ್ಳಿ. ಅದನ್ನು ಶುರು ಮಾಡಿದ ಬಿ.ಎಲ್. ರೈಸ್ ಕಾಲದ ಸಂಪುಟಗಳಲ್ಲಿ ಇವತ್ತಿನ ತಾಲ್ಲೂಕಿನಡಿ ಸಿಗದಿದ್ದರೆ ಪಕ್ಕದ ಹಳೆಯ ತಾಲ್ಲೂಕಿನಡಿ ನೋಡಬೇಕು. ಪಾಠ ಕೈಯಲ್ಲಿರಲಿ, ಆದರೆ ಪೂರ್ತಿ ಓದಿ ಒಪ್ಪಿಸಬೇಡಿ. ನಾವು ನಾಲ್ಕೇ ಗುರುತುಗಳನ್ನು ಹಿಡಿಯುತ್ತೇವೆ. "ಸ್ವಸ್ತಿ ಶ್ರೀ"ಯನ್ನು ಮಕ್ಕಳು ಹುಡುಕಬೇಕು. ಆಮೇಲೆ ಱ, ೞ ಎಲ್ಲಿವೆ ಎಂದು ಕೇಳುತ್ತೇವೆ, ಇವತ್ತಿನ ಕಾಗುಣಿತದಲ್ಲಿ ಇಲ್ಲದ ಅಕ್ಷರ ತಮ್ಮೂರ ಕಲ್ಲಲ್ಲಿದೆ ಎಂದರೆ ಅವರ ಕಣ್ಣು ಅರಳುತ್ತದೆ. ಮೂರನೆಯದು "ತುಱು", ಅಂದರೆ ದನ. ನಾಲ್ಕನೆಯದು ಸತ್ತವನ ಹೆಸರು, ಅದನ್ನು ಊರಿನ ಹಿರಿಯರೊಬ್ಬರಿಂದ ಗಟ್ಟಿಯಾಗಿ ಓದಿಸುತ್ತೇವೆ. ಕಾಲ ಇದ್ದರೆ ಶಕವರ್ಷಕ್ಕೆ 78 ಕೂಡಿಸಿ ಸಂವತ್ಸರದ ಹೆಸರಿನ ಜೊತೆ ತಾಳೆ ನೋಡಿ. ಶಕ 1120 ಕಾಳಯುಕ್ತಿ ಸಂವತ್ಸರ ಎಂದಿದ್ದರೆ ಕ್ರಿ.ಶ. 1198, ಸರಿಹೋಗುತ್ತದೆ. ತಾಳೆಯಾಗದಿದ್ದರೆ ಅಂಕಿ ತಪ್ಪಾಗಿ ಓದಿದ್ದೀರಿ ಎಂಬ ಅನುಮಾನ ಮೊದಲು ಬರಲಿ. ಮಂಡ್ಯ ಕಡೆಯವರಿಗೆ ಆತಕೂರಿನ ಕಲ್ಲಿನ ಕಥೆ ಹೇಳಿದರೆ ಸಾಕು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಸುಮಾರು ಕ್ರಿ.ಶ. 950ರಲ್ಲಿ ಕಲ್ಲು ನಿಲ್ಲಿಸಿದ್ದರು. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆಟ ಯಾವುದು ಎನ್ನುವಲ್ಲಿ ನಾವು ತುಂಬ ತಡಕಾಡಿದೆವು. ಒಂದೂರಲ್ಲಿ ಲಂಕಾದಹನ ಆಡಿಸಿದೆವು, ಜನ ಕಲ್ಲನ್ನು ಮರೆತೇಬಿಟ್ಟರು. ತುಱುಗೋಳಿನ, ಅಂದರೆ ದನ ಹೊಡೆದೊಯ್ದಾಗಿನ ಕಾಳಗದ, ವೀರಗಲ್ಲಿಗೆ ಹೊಂದುವುದು ವಿರಾಟಪರ್ವದ ಗೋಗ್ರಹಣ. ಕೌರವರು ದನ ಹೊಡೆದುಕೊಂಡು ಹೋಗುತ್ತಾರೆ, ಅರ್ಜುನ ಬಿಡಿಸಿಕೊಂಡು ಬರುತ್ತಾನೆ. ಕಲ್ಲಿನ ಕೆಳ ಫಲಕದಲ್ಲಿ ಇರುವುದೂ ಅದೇ, ಆದರೆ ಇಲ್ಲಿ ಬಿಡಿಸಿದವನು ಸತ್ತ. ನಡು ಫಲಕದಲ್ಲಿ ಅಪ್ಸರೆಯರು ಅವನನ್ನು ಹೊತ್ತೊಯ್ಯುತ್ತಾರೆ, ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ಈಗಷ್ಟೇ ಕಲ್ಲಲ್ಲಿ ಕಂಡ ದನ ಪರದೆಯ ಮೇಲೆ ಓಡಾಡಿದಾಗ ಎರಡೂ ಕೂಡಿಕೊಳ್ಳುತ್ತವೆ. ವಿರಾಟಪರ್ವ ಓದಿಸಿದರೆ, ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ ಹಿರಿಯರಲ್ಲಿ ಇನ್ನೂ ಗಟ್ಟಿ, ಹಾಗಾಗಿ ಊರವರಿಂದ ಎತ್ತುವ ಪಟ್ಟಿ ಹಣವೂ ಸುಲಭವಾಗಿ ಏಳುತ್ತದೆ. ಗೊಂಬೆ ಮೇಳದವರಿಗೆ ಕಲ್ಲಿನಲ್ಲಿ ಓದಿದ ಹೆಸರನ್ನು ಮೊದಲೇ ತಿಳಿಸಿ. ಆಟದಲ್ಲಿ ನಗಿಸುವ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕನ ಮಾತಿನಲ್ಲಿ ಆ ಹೆಸರು ಬಂದರೆ ಊರು ಎದ್ದು ಕೂರುತ್ತದೆ.

ಪರದೆಯ ಹಿಂದೆಯೂ ಒಂದೇ ಬೆಳಕಿನ ನಿಯಮ. ಎಲ್‌ಇಡಿ ಪಟ್ಟಿ ಹಾಕಿಸಿದಾಗ ಒಂದೊಂದು ಗೊಂಬೆಗೆ ನಾಲ್ಕೈದು ಅಂಚು ಬಂದವು, ತೊಗಲಿನ ಕೆಂಪು ಸತ್ತು ಕಂದಾಯಿತು. ಐನೂರು ವ್ಯಾಟಿನ ಹ್ಯಾಲೋಜನ್‌ನಲ್ಲಿ ಬಣ್ಣ ಬಂತು, ಆದರೆ ಕಾವಿಗೆ ಒಂದು ಹಸುವಿನ ಗೊಂಬೆಯ ಕಿವಿ ಸುರುಟಿಕೊಂಡಿತು. ಅದಕ್ಕೆ ಎಂಟುನೂರು ಕಟ್ಟಿಕೊಟ್ಟೆವು. ಕೊನೆಗೆ ಉಳಿದದ್ದು ನೂರು ವ್ಯಾಟಿನ ಹಳೆಯ ತಂತಿ ಬಲ್ಬು, ಗೊಂಬೆಯಿಂದ ಒಂದೂವರೆ ಅಡಿ ದೂರ. ಇವು ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗವು, ಕಂಡಲ್ಲಿ ನಾಲ್ಕು ತೆಗೆದಿಟ್ಟುಕೊಳ್ಳಿ.

ನಡುವೆ ಪಡಿಯಚ್ಚನ್ನೂ, ಅಂದರೆ ಕಲ್ಲಿನ ಅಕ್ಷರಗಳ ಕಾಗದದ ಪ್ರತಿಯನ್ನೂ, ಜನರೆದುರೇ ತೆಗೆದು ನೋಡಿದೆವು. ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಅರೆ ಒಣಗಿದ ಮೇಲೆ ಬಟ್ಟೆಯುಂಡೆಯಿಂದ ಮಸಿ ತಟ್ಟುವುದು ಗೊತ್ತಿರುವುದೇ. ರಾತ್ರಿಯ ಇಬ್ಬನಿಗೆ ಕಾಗದ ಒಣಗದೆ ಎರಡು ಸಲ ಮಸಿ ಕಲ್ಲಿಗೇ ಇಳಿಯಿತು. ಈಗ ಸಂಜೆ ನಾಲ್ಕಕ್ಕೇ ತೆಗೆದು, ರಾತ್ರಿ ಪಕ್ಕದ ಗೋಡೆಗೆ ನೇತುಹಾಕುತ್ತೇವೆ. ಮಸಿಗೆ ಏನು ಬೆರೆಸಿದರೆ ಇಳಿಯುವುದಿಲ್ಲ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುತ್ತಿಲ್ಲ, ಜೊತೆಗೆ ಬಂದು ಕೆಲಸ ಮಾಡಿದವರಿಗೆ ಕೈಯಾರೆ ತೋರಿಸುತ್ತೇವೆ. ಮಕ್ಕಳ ಕೈಯಲ್ಲಿ ಮೇಣದ ಬಳಪದಿಂದ ಉಜ್ಜಿಸಿದ್ದು ಬಳಪದ ಕಲ್ಲಿನಲ್ಲಿ ಚೆನ್ನಾಗಿ ಬಂತು, ಕಣಶಿಲೆಯಲ್ಲಿ (ಗ್ರಾನೈಟ್) ಬರೀ ಹರಳಿನ ಗುರುತು.

ಲೆಕ್ಕ ಹೀಗೆ: ಮೇಳಕ್ಕೆ ಹದಿನೈದು ಸಾವಿರ, ಅವರ ಗಾಡಿ ಬಾಡಿಗೆ ಮೂರು, ಮೈಕು ಎರಡೂವರೆ, ಚಿತ್ರಾನ್ನ ಕಾಫಿಗೆ ಐದು, ಜಾಗ ಸವರಲು, ಸುತ್ತ ಬೇಲಿ ಕಡಿಯಲು ಎರಡು ಆಳು. ಎಲ್ಲ ಸೇರಿ ಇಪ್ಪತ್ತೇಳು, ಇಪ್ಪತ್ತೆಂಟು. ಕುರ್ಚಿಯಿಲ್ಲ, ಫ್ಲೆಕ್ಸಿಲ್ಲ, ಶಾಲಿಲ್ಲ. ಕರೆಯೋಲೆಯ ಬದಲು ಎರಡು ದಿನ ಮುಂಚೆ ತಮಟೆ ಸಾರು. ಮೇಳಕ್ಕೆ ಅರ್ಧ ಮುಂಗಡ, ಉಳಿದರ್ಧ ಪರದೆ ಕಟ್ಟುವ ಹೊತ್ತಿಗೆ ಕೈಗೆ ಕೊಡಬೇಕು. ಆಟ ಮುಗಿದ ಮೇಲೆ ಎಂದರೆ ಪಟ್ಟಿ ಎತ್ತಿದವರು ಮಲಗಲು ಹೋಗಿರುತ್ತಾರೆ, ಕಲಾವಿದರು ಬೆಳಗಿನ ಬಸ್ಸಿಗೆ ಕಾಯುತ್ತಾ ಕೂರಬೇಕಾಗುತ್ತದೆ. ಒಂದೂರಲ್ಲಿ ಹಾಗಾಯಿತು, ಆ ದುಡ್ಡು ತಲುಪಿಸಲು ನಮಗೆ ಇಪ್ಪತ್ತು ದಿನ ಹಿಡಿಯಿತು. ಆಮೇಲೆ ಯಾವ ಊರಲ್ಲೂ ಪಟ್ಟಿಯ ಪೂರ್ತಿ ಹಣ ನಮ್ಮ ಕೈಗೆ ಬರದೆ ದಿನ ಗೊತ್ತು ಮಾಡಿಲ್ಲ.